ಬ್ಯಾಗು ಸಾಕು, ರಿಕ್ಷಾ ಬಾಡಿಗೆ ಕೊಡಿ

ಜೂನ್ ಬಂತೆಂದರೆ ನಮ್ಮ ಕಡೆ ಮಳೆಯ ಜೊತೆ ಬ್ಯಾಗುಗಳೂ ಸುರಿಯುತ್ತವೆ. ಕ್ಲಬ್ಬಿನವರು ಕೊಡುತ್ತಾರೆ, ಬ್ಯಾಂಕಿನವರು ಕೊಡುತ್ತಾರೆ, ಗಲ್ಫಿನಲ್ಲಿರುವ ಊರಿನ ಹುಡುಗರು ದುಡ್ಡು ಒಟ್ಟು ಮಾಡಿ ಕಳಿಸುತ್ತಾರೆ. ಒಂದೇ ಮಗುವಿಗೆ ಮೂರು ಬ್ಯಾಗು ಸಿಕ್ಕಿದ್ದೂ ಉಂಟು. ಎರಡನ್ನು ಅಮ್ಮ ಅಟ್ಟದಲ್ಲಿಟ್ಟು ಮುಂದಿನ ವರ್ಷಕ್ಕೆ ಕಾದಿರಿಸುತ್ತಾಳೆ. ಬ್ಯಾಗು ಕೊಡಲೇಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ನವೆಂಬರಿನಲ್ಲಿ ಕೊಡಿ. ಆಗ ಜೂನ್‌ನ ಬ್ಯಾಗಿನ ಜಿಪ್ ಹೋಗಿರುತ್ತದೆ, ಕೊಡುವವರು ಯಾರೂ ಇರುವುದಿಲ್ಲ.

ನಾನಿರುವುದು ಕಾಸರಗೋಡು ಜಿಲ್ಲೆಯಲ್ಲಿ. ಬದಿಯಡ್ಕ, ಪೆರ್ಲ, ಎಣ್ಮಕಜೆ ಕಡೆಯ ಮಕ್ಕಳಿಗೆ ನೆರವು ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಹೆಸರಿಗೆ ಫೀಲ್ಡ್ ಕೋ ಆರ್ಡಿನೇಟರ್. ಮಾಡುವುದು ಮನೆ ಮನೆ ಸುತ್ತುವುದು, ದಾನಿಗಳಿಗೆ ವರದಿ ಬರೆಯುವುದು. ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಅರ್ಥವಾದ ಸಂಗತಿ ಒಂದೇ. ಬಡ ಮಗುವಿಗೆ ಬೇಕಾದ ದೊಡ್ಡ ಹಣ ಬಹಳ ಸಲ ಸರ್ಕಾರದ ಯೋಜನೆಯಲ್ಲೇ ಇರುತ್ತದೆ. ಅಲ್ಲಿಗೆ ಹೋಗಿ ತಲುಪಲು ಬೇಕಾದ ಸಣ್ಣ ಹಣ ಮನೆಯಲ್ಲಿ ಇರುವುದಿಲ್ಲ.

ಉದಾಹರಣೆಗೆ ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ಯೋಜನೆ. ಅಪ್ಪ ಇಲ್ಲದ ಮಗು, ಅಜ್ಜಿ ಮನೆಯಲ್ಲಿ ಬೆಳೆಯುವ ಅನಾಥ ಮಗು, ತಂದೆ ತಾಯಿ ದೊಡ್ಡ ಕಾಯಿಲೆಯಲ್ಲಿ ಬಿದ್ದಿರುವ ಮಗು, ಇಂಥವರಿಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಇದೆ. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ 72,000 ರೂಪಾಯಿ ದಾಟಬಾರದು. ಮಂಜೂರಾದರೆ ವರ್ಷಕ್ಕೆ 48,000. ನಮ್ಮಂಥ ಸಣ್ಣ ಸಂಸ್ಥೆ ಒಂದು ಮಗುವಿಗೆ ಇಷ್ಟು ಕೊಡುವುದು ಕನಸಿನ ಮಾತು.

ಆದರೆ ಅದಕ್ಕೆ ಏನೆಲ್ಲ ಆಗಬೇಕು ನೋಡಿ. ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ ಆದಾಯ ಸರ್ಟಿಫಿಕೇಟಿಗೆ ಅರ್ಜಿ ಹಾಕಬೇಕು. ವಿಲೇಜ್ ಆಫೀಸಿನಲ್ಲಿ ವಿಚಾರಿಸಬೇಕು. ಗಂಡನ ಮರಣ ಪ್ರಮಾಣಪತ್ರದಲ್ಲಿ ಹೆಸರು ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ ಇದ್ದರೆ ಅದನ್ನು ಸರಿ ಮಾಡಿಸಬೇಕು. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆ ಬೇಕು. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಮಿತಿ, ವಿಚಾರಣೆ. ಅಮ್ಮ ಬೀಡಿ ಕಟ್ಟುವವಳು. ಒಂದು ದಿನ ಹೊರಗೆ ಹೋದರೆ ಆ ದಿನದ ಬೀಡಿ ಇಲ್ಲ, ಕೂಲಿಯೂ ಇಲ್ಲ. ಗುಡ್ಡದ ಮನೆಯಿಂದ ಬಸ್ಸಿನ ದಾರಿಗೆ ಬರಲು ರಿಕ್ಷಾ. ಮೇಲಿಂದ ಫಾರಂ ಮಲಯಾಳದಲ್ಲಿ, ಅವಳು ಓದಿದ್ದು ಕನ್ನಡ ಶಾಲೆಯಲ್ಲಿ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕೇನೋ ಇದೆ. ಕೌಂಟರಿನಲ್ಲಿ ಅದನ್ನು ಓದುವವರು ಇರಬೇಕಲ್ಲ. ಎರಡು ಸಲ ಸುಮ್ನೆ ಹೋಗಿ ಬಂದವಳು ಮೂರನೆಯ ಸಲ, "ಬೇಡ ಬಿಡಿ ಅಕ್ಕ, ಆ ದುಡ್ಡು ನಮ್ಮ ಹಣೆಯಲ್ಲಿ ಇಲ್ಲ" ಅನ್ನುತ್ತಾಳೆ. ರಿಕ್ಷಾ ಬಾಡಿಗೆ, ನಾಲ್ಕಾರು ದಿನದ ಕೂಲಿ, ಜೊತೆಗೆ ಬರುವ ಒಬ್ಬರು. ಇಷ್ಟಕ್ಕೆ ಎರಡು ಮೂರು ಸಾವಿರ ಆದೀತು. ಅದರಿಂದ ವರ್ಷಕ್ಕೆ 48,000ದ ಬಾಗಿಲು ತೆರೆಯುತ್ತದೆ.

ದಾನಿಗಳಿಗೆ ಇದನ್ನು ವಿವರಿಸುವುದೇ ಕಷ್ಟ. ರಿಕ್ಷಾ ಬಾಡಿಗೆಯ ಫೋಟೋ ಚೆನ್ನಾಗಿ ಬರುವುದಿಲ್ಲ, ಅಲ್ವಾ? ಜೊತೆಗೆ ಹೋಗುವ ನನ್ನ ಸಂಬಳವಂತೂ ಅವರ ಲೆಕ್ಕದಲ್ಲಿ "ಆಡಳಿತ ಖರ್ಚು", ಅಂದರೆ ಪೋಲು.

ಒಂದು ಮಗುವಿಗೆ ಒಬ್ಬ ದಾನಿ ಎಂಬ ಪದ್ಧತಿ ಹಳೆಯದು. ಪ್ಲಾನ್ ಇಂಟರ್‌ನ್ಯಾಷನಲ್ ಸಂಸ್ಥೆ ಹುಟ್ಟಿದ್ದೇ 1937ರಲ್ಲಿ, ಸ್ಪೇನಿನ ಯುದ್ಧದಲ್ಲಿ ನೆಲೆ ತಪ್ಪಿದ ಮಕ್ಕಳಿಗಾಗಿ. ಇದು ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಕಂಪ್ಯಾಶನ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ನೆರವು ಪಡೆದವರ ಬಗ್ಗೆ ಭಾರತವೂ ಸೇರಿ ಆರು ದೇಶಗಳಲ್ಲಿ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ನೆರವು ಸಿಕ್ಕ ಮಕ್ಕಳು ಉಳಿದವರಿಗಿಂತ ಒಂದರಿಂದ ಒಂದೂವರೆ ವರ್ಷ ಜಾಸ್ತಿ ಓದಿದ್ದರು. ಆದರೆ ಅಲ್ಲಿ ಮಗುವಿಗೆ ಸಿಗುತ್ತಿದ್ದದ್ದು ಬರೀ ಬ್ಯಾಗಲ್ಲ. ಶಾಲೆಯ ಹೊರಗೆ ವರ್ಷಗಟ್ಟಲೆ ಪಾಠ, ಊಟ, ಆರೋಗ್ಯ ತಪಾಸಣೆ, ವಿಚಾರಿಸುವ ಜನ.

ಎಣ್ಮಕಜೆ ಕಡೆಯ ಮನೆಗಳ ಕಥೆ ಇನ್ನೂ ಬೇರೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ಎಲ್ಲರಿಗೂ ಗೊತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಹೆಚ್ಚಿನವರಿಗೆ ಅದು ಸಿಕ್ಕಿದ್ದು 2022ರಲ್ಲಿ ಕೋರ್ಟು ಮತ್ತೆ ಗದರಿದ ಮೇಲೆ. ಈ ಮನೆಗಳ ಅಮ್ಮಂದಿರಿಗೆ ಕ್ಯಾಮೆರಾ ಕಂಡು ಕಂಡು ಸಾಕಾಗಿದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳ ಸರ್ಕಾರದ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿ ಇದೆ. ಅದರಲ್ಲಿ ಡೈಪರ್ ಎಷ್ಟು ದಿನಕ್ಕೆ ಬರುತ್ತದೆ ನೀವೇ ಲೆಕ್ಕ ಹಾಕಿ. ಒಬ್ಬ ತಾಯಿ ನನ್ನಲ್ಲಿ ಕೇಳಿದ್ದು ದುಡ್ಡಲ್ಲ. ತಮ್ಮನ ಮಗಳ ಮದುವೆಗೆ ಹೋಗಿ ಬರುವಷ್ಟು ಹೊತ್ತು ಮಗನ ಹತ್ತಿರ ಕೂರಲು ಯಾರಾದರೂ ಸಿಗಬಹುದಾ ಅಂತ. ಅದಕ್ಕೆ ನಮ್ಮ ಯಾವ ಫಾರಂನಲ್ಲೂ ಕಾಲಂ ಇರಲಿಲ್ಲ. ಈಗ "ಇತರೆ" ಎಂಬಲ್ಲಿ ಬರೆಯುತ್ತೇನೆ.

ಹೊರದೇಶದಿಂದ ಕೊಡುವವರಿಗೆ ಒಂದು ಮಾತು. ನೀವು ಭಾರತದ ಪಾಸ್‌ಪೋರ್ಟಿನವರಾಗಿದ್ದು ಸ್ವಂತ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕವೇ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ ವಿದೇಶಿ ದೇಣಿಗೆಯೇ. ಹುಟ್ಟಿದ್ದು ಕುಂಬಳೆಯಲ್ಲಿ ಎಂದರೆ ಕಾನೂನು ಕೇಳುವುದಿಲ್ಲ. ವಿದೇಶಿ ದೇಣಿಗೆ ಕಾನೂನಿಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಅದಕ್ಕೆ ನೋಂದಣಿ ಬೇಕು, ನಮ್ಮ ಸಂಸ್ಥೆಗೆ ಅದಿಲ್ಲ. ಅದಕ್ಕೇ ಕೆಲವರಿಗೆ ಕೈಮುಗಿದು ಬೇಡ ಅನ್ನುತ್ತೇವೆ. ಸೊಕ್ಕು ಅಂದುಕೊಳ್ಳಬೇಡಿ.

ಶಾರ್ಜಾದಲ್ಲಿರುವ ಕೆಲವು ಹುಡುಗರು ಕೊನೆಗೂ ರಿಕ್ಷಾ ಬಾಡಿಗೆ ಕೊಡಲು ಒಪ್ಪಿದರು. ತಿಂಗಳಿಗೆ ಇಷ್ಟು ಅಂತ ಒಬ್ಬ ರಿಕ್ಷಾದವನಿಗೆ ಗೊತ್ತು ಮಾಡಿದ್ದೇವೆ. ಆಸ್ಪತ್ರೆ, ಅಕ್ಷಯ, ವಿಶೇಷ ಮಕ್ಕಳ ಬಡ್ಸ್ ಶಾಲೆ, ಎಲ್ಲಿಗಾದರೂ ಸರಿ, ಅಮ್ಮಂದಿರು ಫೋನ್ ಮಾಡಿದರೆ ಅವನು ಬರುತ್ತಾನೆ. ಮಗುವಿನ ಫೋಟೋ ಕೇಳಿದ ಹುಡುಗರಿಗೆ ನಾನು ಕಳಿಸುವುದು ಟ್ರಿಪ್ ಬರೆದ ಪುಸ್ತಕದ ಫೋಟೋ. ಈಗ ಅವರೇ ಇನ್ನೊಂದು ರಿಕ್ಷಾ ಹುಡುಕಿ ಅನ್ನುತ್ತಿದ್ದಾರೆ. ದುಡ್ಡು ಇದೆ, ಮಳೆಗಾಲದಲ್ಲಿ ಆ ಗುಡ್ಡ ಹತ್ತಲು ಒಪ್ಪುವ ಡ್ರೈವರ್ ಸಿಗುತ್ತಿಲ್ಲ.