ಮೊದಲು ಮಾಡು, ಆಮೇಲೆ ಬಣ್ಣ

ಹಳೆ ಕಟ್ಟಡದ ಜೀರ್ಣೋದ್ಧಾರ ಅಂದಕೂಡಲೇ ಮಡಿಕೇರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಣ್ಣದ ಡಬ್ಬ. ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುವ ಊರಿನಲ್ಲಿ ಗೋಡೆಗೆ ಬಣ್ಣ ಬಳಿದು ಮಾಡನ್ನು, ಅಂದರೆ ಚಾವಣಿಯನ್ನು, ಹಾಗೇ ಬಿಟ್ಟರೆ ಮುಂದಿನ ಆಟಿಯೊಳಗೆ (ಜುಲೈ–ಆಗಸ್ಟಿನ ಮಳೆತಿಂಗಳು) ಬಣ್ಣ ಚಕ್ಕೆ ಎದ್ದು ಬರುತ್ತದೆ.

ಇಲ್ಲಿನ ಕೋಟೆಯನ್ನೇ ನೋಡಿ. ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆ ಟಿಪ್ಪುವಿನ ಕಾಲಕ್ಕೆ ಕಲ್ಲಿನದಾಯಿತು. ಒಳಗಿನ ಅರಮನೆಯನ್ನು 1812–14ರಲ್ಲಿ ಅರಸ ಲಿಂಗರಾಜೇಂದ್ರ ನವೀಕರಿಸಿದ. ಆಮೇಲೆ ದಶಕಗಟ್ಟಲೆ ಸರ್ಕಾರಿ ಕಚೇರಿಗಳು. ಇಂಥ ಕಟ್ಟಡದಲ್ಲಿ ಕಚೇರಿ ನಡೆದರೆ ಅಡ್ಡಗೋಡೆ, ವೈರಿಂಗಿಗೆ ಕೊರೆದ ತೂತು, ಸಿಮೆಂಟಿನ ತೇಪೆ, ಕಡತಗಳ ಭಾರ ಎಲ್ಲವೂ ಬಂದು ಸೇರುತ್ತವೆ. ಆದರೂ ಮೊದಲ ಶತ್ರು ನೀರೇ.

ಹೆಂಚಿನ ಮಾಡು ಕೆಡುವುದು ಹೆಂಚಿನಿಂದಲ್ಲ. ಒಂದು ಹೆಂಚು ಜಾರಿದರೆ ಅದರ ಕೆಳಗಿನ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ನೆನೆಯುತ್ತದೆ, ನೀರು ಪಕಾಸಿನ (ರೀಪನ್ನು ಹೊರುವ ಇಳಿಜಾರಿನ ಮರ) ಗುಂಟ ಇಳಿದು ಅದರ ತುದಿ ಗೋಡೆಯೊಳಗೆ ಹುದುಗಿರುವ ಕಡೆ ನಿಲ್ಲುತ್ತದೆ. ಅಲ್ಲಿ ಗಾಳಿ ಆಡುವುದಿಲ್ಲ, ಕೊಳೆಯುವುದೂ ಅಲ್ಲೇ, ಗೆದ್ದಲು ಹತ್ತುವುದೂ ಅಲ್ಲೇ. ತುದಿ ಕೊಳೆತರೆ ಮಾಡು ಅಗಲಕ್ಕೆ ಸರಿದು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಗೋಡೆಯ ಬಿರುಕು ಕಂಡವರು ಬಿರುಕು ಮುಚ್ಚುತ್ತಾರೆ, ಮೇಲೆ ನೋಡುವುದಿಲ್ಲ.

ಪರೀಕ್ಷೆ ಸುಲಭ. ಸ್ಕ್ರೂಡ್ರೈವರ್ ತುದಿಯಿಂದ ಪಕಾಸಿನ ಕೊನೆ ಚುಚ್ಚಿ ನೋಡಿ. ಸಲೀಸಾಗಿ ಅರ್ಧ ಇಂಚು ಒಳಗೆ ಹೋದರೆ ಆ ಭಾಗ ಸತ್ತಿದೆ. ಇಡೀ ಪಕಾಸು ಬದಲಿಸಬೇಕಿಲ್ಲ. ಕೊಳೆತದ್ದನ್ನು ಕತ್ತರಿಸಿ, ಅದೇ ಜಾತಿಯ ಒಣಗಿದ ಮರವನ್ನು ಓರೆಯಾಗಿ ಜೋಡಿಸಿದರೆ ಸಾಕು. ಜೋಡಣೆಯ ಉದ್ದ ಮರದ ದಪ್ಪದ ಮೂರು ಪಟ್ಟಿಗಿಂತ ಕಡಿಮೆ ಇರಬಾರದು. ಹಸಿ ಮರ ಹಾಕಿದರೆ ಒಣಗುತ್ತಾ ಕುಗ್ಗಿ ಜೋಡಣೆ ಬಾಯಿ ಬಿಡುತ್ತದೆ.

ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15 ಬೇಕು. ಆದರೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಕಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ, ಹಳೆಯದರ ಜೊತೆ ಹೊಸದು ಕೂರುವುದಿಲ್ಲ. ಬೆರೆಸಲೇಬೇಡಿ. ಗಟ್ಟಿ ಉಳಿದ ಹಳೆ ಹೆಂಚನ್ನೆಲ್ಲ ಮುಂದಿನ ಇಳಿಜಾರಿಗೆ ಒಟ್ಟುಮಾಡಿ, ಹೊಸದನ್ನು ಹಿಂದಕ್ಕೆ ಹೊದಿಸಿ. ಎರಡು ಮಾಡು ಕೂಡುವ ಕಡೆ ನೀರು ಹರಿಯುವ ದೋಣಿಯ ತಗಡನ್ನು ಮಾತ್ರ ಹಳೆಯದೆಂಬ ಮಮತೆಯಿಂದ ಉಳಿಸಿಕೊಳ್ಳಬೇಡಿ.

ಗೋಡೆಗೆ ಬಂದರೆ, ಗಾರೆಯ ಮೇಲೆ ಸಿಮೆಂಟ್ ಮೆತ್ತುವುದು ಒದ್ದೆ ಮೈಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ನೆಲದಿಂದ ಏರಿದ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಉಪ್ಪು ಒಳಗೇ ಹರಳುಗಟ್ಟಿ ಗಾರೆಯನ್ನು ಪುಡಿ ಮಾಡುತ್ತದೆ. ಸುಣ್ಣವನ್ನು ಕಡಿಮೆಯೆಂದರೂ ಎರಡು ವಾರ ನೀರಿನಲ್ಲಿ ಅರಳಿಸಿಟ್ಟು, ಒಂದಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿ ಗಾರೆ ಅರೆಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುವ ರೂಢಿಯೂ ಇದೆ. ಒಂದು ಪದರ 10–12 ಮಿ.ಮೀ.; ಹೆಚ್ಚಾದರೆ ಬಿರುಕು. ವಾರಕ್ಕೆ ಮೇಲ್ಪಟ್ಟು ಒದ್ದೆ ಗೋಣಿ ಹೊದಿಸಿ ನಿಧಾನ ಒಣಗಿಸಬೇಕು. ಹಾಗಾಗಿ ಇಲ್ಲಿ ಗಾರೆ ಕೆಲಸಕ್ಕೆ ಸಿಗುವುದು ನವೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ. ಟೆಂಡರು ಏಪ್ರಿಲಿಗೆ ಕೈಸೇರಿದರೆ ಆ ವರ್ಷ ಮರದ ಕೆಲಸವಷ್ಟೇ ಮುಗಿಸಿಕೊಳ್ಳುವುದು ಜಾಣತನ.

ಗದ್ದುಗೆಯ, ಅಂದರೆ ಅರಸರ ಸಮಾಧಿಯ, ಗುಮ್ಮಟಗಳಂಥ ಕಡೆ ಕಾಟವೇ ಬೇರೆ. ಲಿಂಗರಾಜೇಂದ್ರನ ಗದ್ದುಗೆ 1820ರದ್ದು. ಕಲ್ಲಿನ ಸಂದಿನಲ್ಲಿ ಅರಳಿ ಗಿಡ ಮೊಳೆತರೆ ಕಿತ್ತೆಳೆಯಬಾರದು, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸಾಯಿಸಿ, ಅದು ಒಣಗಿದ ಮೇಲೆ ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಪಾಚಿಗೆ ನೀರು ಮತ್ತು ಮೆತ್ತನೆ ಬ್ರಷ್ ಸಾಕು. ಆಸಿಡ್ಡೂ ಬೇಡ, ಪ್ರೆಶರ್ ಪಂಪೂ ಬೇಡ. ಕಕ್ಕಬೆ ಬಳಿಯ ನಾಲ್ಕುನಾಡು ಅರಮನೆಯ ಚಿತ್ರಗಳಿರುವ ಗೋಡೆಗಂತೂ ಪಳಗಿದ ಕೈಯನ್ನು ಬಿಟ್ಟು ಯಾರೂ ಬ್ರಷ್ ತಾಗಿಸಬಾರದು.

ಕೋಟೆಯ ಅರಮನೆ ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ. ಕಾನೂನು ಹೊರಗಿನವರನ್ನು ತಡೆಯುತ್ತದೆ, ದೋಣಿಯಲ್ಲಿ ಕಟ್ಟಿಕೊಂಡ ತರಗೆಲೆಯನ್ನು ತೆಗೆಯುವುದಿಲ್ಲ. ಮೇ ಕೊನೆಯೊಳಗೆ ಒಮ್ಮೆ, ಮಳೆಯ ನಡುವೆ ಒಮ್ಮೆ ದೋಣಿ ಗುಡಿಸಲು ಇಬ್ಬರು ಆಳು, ಒಂದು ಏಣಿ ಸಾಕು. ಹತ್ತುವಾಗ ಹೆಂಚಿನ ಮೇಲೆ ಹಲಗೆ ಹಾಕಿಕೊಳ್ಳಲಿ. ನೇರ ಕಾಲಿಟ್ಟರೆ ಒಂದು ಸರಿಮಾಡಿ ಹತ್ತು ಒಡೆದು ಇಳಿದಂತಾಗುತ್ತದೆ.