ಮಹೋಮ್ಸ್‌ಗೆ ಸಿಗದ ಮೂರನೇ ಸೆಕೆಂಡು

ಆ ಪಂದ್ಯವನ್ನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಲೈವ್, ಬೈಕೊಂಡು. ಎರಡನೇ ಸಲ ರಿಮೋಟ್ ಹಿಡಿದು, ಪ್ರತಿ ಪಾಸಿಗೂ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು. 2025ರ ಫೆಬ್ರವರಿಯ ಸೂಪರ್ ಬೌಲ್, ಅಮೆರಿಕನ್ ಫುಟ್‌ಬಾಲ್‌ನ ಫೈನಲ್. ಫಿಲಡೆಲ್ಫಿಯಾ ಈಗಲ್ಸ್ 40, ನಮ್ಮ ಕ್ಯಾನ್ಸಸ್ ಸಿಟಿ ಚೀಫ್ಸ್ 22. ಸೋತರೂ ‘ನಮ್ಮ’ ಅನ್ನುವುದು ಬಿಡಲಾಗಲ್ಲ.

ಸ್ಕೋರ್‌ಕಾರ್ಡ್ ಮಾತ್ರ ನೋಡಿದರೆ ನಮ್ಮ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಪ್ಯಾಟ್ರಿಕ್ ಮಹೋಮ್ಸ್ ಆಟ ಪರವಾಗಿಲ್ಲ ಅನ್ನಿಸುತ್ತದೆ. ಪಾಸಿನಿಂದ 257 ಗಜ, 3 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ಆದರೆ ಆ ಮೂರೂ ಬಂದದ್ದು ಈಗಲ್ಸ್ 34-0 ಮುಂದಾದ ಮೇಲೆ. ಮೊದಲರ್ಧದಲ್ಲಿ ಎಸೆದ 14 ಪಾಸಿನಲ್ಲಿ ಗುರಿ ಸೇರಿದ್ದು 6. ಬರೀ 33 ಗಜ. 2 ಇಂಟರ್‌ಸೆಪ್ಷನ್, ಅಂದರೆ ಪಾಸ್ ಎದುರಾಳಿಯ ಕೈಗೆ, ಅದರಲ್ಲೊಂದನ್ನು ಈಗಲ್ಸ್‌ನ ಕೂಪರ್ ಡಿಜೀನ್ ಹಿಡಿದವನೇ ಓಡಿ ಟಚ್‌ಡೌನ್ ಮಾಡಿಬಿಟ್ಟ.

ಈಗಲ್ಸ್ ಒಂದೇ ಒಂದು ಸಲವೂ ಬ್ಲಿಟ್ಜ್ ಮಾಡಲಿಲ್ಲ, ಅಂದರೆ ಹೆಚ್ಚುವರಿ ಜನರನ್ನು ಮಹೋಮ್ಸ್ ಮೇಲೆ ನುಗ್ಗಿಸಲಿಲ್ಲ. ನುಗ್ಗಿದ್ದು ನಾಲ್ಕೇ ಜನ, ಉಳಿದ ಏಳು ಜನ ಹಿಂದೆ ಪಾಸ್ ಹಿಡಿಯುವ ರಿಸೀವರ್‌ಗಳನ್ನು ಕಾಯುತ್ತಿದ್ದರು. ಐದೋ ಆರೋ ಜನ ನುಗ್ಗಿದ್ದರೆ ಎಲ್ಲೋ ಒಬ್ಬ ಖಾಲಿ ಸಿಗುತ್ತಾನೆ, ಮಹೋಮ್ಸ್‌ಗೆ ಅದೇ ಬೇಕು. ಇಲ್ಲಿ ನಾಲ್ಕೇ ಜನ ಬಂದು 6 ಸ್ಯಾಕ್ ಮಾಡಿದರು (ಎಸೆಯುವ ಮುಂಚೆಯೇ ಕೆಡವಿದರು), ಜಾಶ್ ಸ್ವೆಟ್ ಒಬ್ಬನ ಪಾಲಿಗೇ ಎರಡೂವರೆ. ಮಹೋಮ್ಸ್‌ನನ್ನು ಕಾಯುವ ನಮ್ಮ ಲೈನಿನ ಎಡ ತುದಿಯಲ್ಲಿ, ಟ್ಯಾಕಲ್ ಜಾಗದಲ್ಲಿ, ನಿಂತಿದ್ದ ಜೋ ಥೂನಿ ಮೂಲತಃ ಗಾರ್ಡ್, ಅಂದರೆ ಒಳಗಿನ ಜಾಗದವನು. ಸೀಸನ್ ಕೊನೆಯಲ್ಲಿ, ಬೇರೆ ಯಾರೂ ಒದಗದೆ, ಅವನನ್ನು ಅಲ್ಲಿಗೆ ಸರಿಸಿದ್ದರು. ಮಹೋಮ್ಸ್ ಕೈಗೆ ಚೆಂಡು ಬಂದಾಗಿನಿಂದ ನಾನು ಬಾಯಲ್ಲೇ ಸೆಕೆಂಡು ಎಣಿಸುತ್ತಿದ್ದೆ. ಒಂದು, ಎರಡು... ಮೂರು ಅನ್ನುವಷ್ಟರಲ್ಲಿ ಎಷ್ಟೋ ಸಲ ಯಾರಾದರೂ ಅವನ ಮೈಮೇಲೆ ಬಿದ್ದಿರುತ್ತಿದ್ದರು.

ನಮ್ಮ ವೇಗದ ರಿಸೀವರ್ ಟೈರೀಕ್ ಹಿಲ್ ಹೋದ ಮೇಲೆ ಉದ್ದ ಪಾಸ್ ಸತ್ತೇಹೋಯ್ತು ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಅವನು ಮಯಾಮಿ ತಂಡಕ್ಕೆ ಹೋದ 2022ರ ಸೀಸನ್ನಿನಲ್ಲೇ ಮಹೋಮ್ಸ್ 5,250 ಗಜ, 41 ಟಚ್‌ಡೌನ್ ಎಸೆದು ಎಂವಿಪಿ (ಅತ್ಯುತ್ತಮ ಆಟಗಾರ) ಆದ, ಸೂಪರ್ ಬೌಲ್ ಕೂಡ ಗೆದ್ದ. 2024ಕ್ಕೆ ಅದು 3,928 ಗಜ, 26 ಟಚ್‌ಡೌನ್‌ಗೆ ಇಳಿಯಿತು. ಆ ವರ್ಷ ರಿಸೀವರ್ ರಶೀ ರೈಸ್ ಗಾಯಗೊಂಡು ಬೇಗನೆ ಹೊರಬಿದ್ದಿದ್ದ. ಎದುರಾಳಿಗಳು ಇಬ್ಬರು ಸೇಫ್ಟಿಗಳನ್ನು (ಹಿಂದಿನ ಕಾವಲುಗಾರರನ್ನು) ಆಳದಲ್ಲಿ ನಿಲ್ಲಿಸಿ, ‘ಬೇಕಾದರೆ ಹತ್ತಿರದಲ್ಲಿರೋ ಟ್ರಾವಿಸ್ ಕೆಲ್ಸಿಗೆ ಚಿಕ್ಕದಾಗಿ ಎಸಿ’ ಅನ್ನುವ ಹಾಗೆ ಆಡುತ್ತಿದ್ದರು. ಕೆಲ್ಸಿಗೂ ವಯಸ್ಸಾಯ್ತಲ್ವಾ.

2020ರ ಸೂಪರ್ ಬೌಲ್ ನೆನಪಾಗುತ್ತದೆ. 20-10ರಿಂದ ಹಿಂದೆ, ಥರ್ಡ್ ಡೌನ್ (ನಾಲ್ಕರಲ್ಲಿ ಮೂರನೇ ಯತ್ನ), ಇನ್ನೂ 15 ಗಜ ಬೇಕು. ಉದ್ದ ಪಾಸಿನ ‘ವಾಸ್ಪ್’ ಅನ್ನುವ ಪ್ಲೇ ಆಡಲು ಟೈಮ್ ಇದೆಯಾ ಅಂತ ಮಹೋಮ್ಸ್ ಕೇಳಿದ್ದ. ಗಡಿಯಾರದ ಟೈಮ್ ಅಲ್ಲ, ಲೈನ್ ತಡೆದು ಕೊಡುವ ಟೈಮ್. ತುಂಬಾ ಹಿಂದಕ್ಕೆ ಸರಿದು ಎಸೆದ, ಹಿಲ್ ಹಿಡಿದ, 44 ಗಜ.

ಹಾಗಂತ ತಪ್ಪೆಲ್ಲ ಲೈನಿನದಲ್ಲ. ಪೆಟ್ಟು ತಿಂದೂ ತಿಂದೂ ಮಹೋಮ್ಸ್ ಪಾಕೆಟ್ (ಲೈನ್ ಅವನ ಸುತ್ತ ಕಟ್ಟುವ ರಕ್ಷಣೆಯ ಜಾಗ) ಗಟ್ಟಿಯಿದ್ದಾಗಲೂ ಸುಮ್ನೆ ಹಿಂದೆ ಜಾರುತ್ತಾನೆ. ನೋಟ್‌ಬುಕ್ಕಿನಲ್ಲಿ ಅಂಥವಕ್ಕೆ ಬೇರೆ ಗುರುತು ಹಾಕಿದ್ದೇನೆ, ನಾನಂದುಕೊಂಡದ್ದಕ್ಕಿಂತ ಜಾಸ್ತಿ ಇವೆ.

2025ರ ಆ ಪಂದ್ಯದ ಕೊನೆಯ ಎರಡು ನಿಮಿಷದೊಳಗೆ ನಮ್ಮ ರಿಸೀವರ್ ಜೇವಿಯರ್ ವರ್ದಿಗೆ 50 ಗಜದ ಟಚ್‌ಡೌನ್ ಬಂತು. ನಾನು ಅಷ್ಟೊತ್ತಿಗೆ ಎಣಿಸುವುದನ್ನೇ ಬಿಟ್ಟಿದ್ದೆ.