ಗಾಡಿ ಯಾರದು, ಡೀಸೆಲ್ ಯಾರದು

"ಈ ಕೆಂಪು ಹೆಸರಿನವರನ್ನ ಕೋರ್ಟಿಗೆ ಯಾರು ಕರ್ಕೊಂಡು ಹೋಗ್ತಾರೆ?"

"ಅದು ನಮ್ಮ ಯೋಜನೆಯ ವ್ಯಾಪ್ತಿಗೆ ಬರಲ್ಲ, ಮೇಡಂ."

"ಮತ್ತೆ ಯಾರ ವ್ಯಾಪ್ತಿಗೆ ಬರುತ್ತೆ?"

ಈ ಮೂರು ಸಾಲು ಮಂಗಳವಾರದಿಂದ ತಲೆಯಿಂದ ಇಳಿದಿಲ್ಲ. ಕೇಳಿದವರು ಜೈಲಿನ ಸೂಪರಿಂಟೆಂಡೆಂಟ್. ಉತ್ತರ ಕೊಟ್ಟವರು ಸಾಫ್ಟ್‌ವೇರ್ ಯೋಜನೆಯ ಸಲಹೆಗಾರರು. ಕೊನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಮೇಜಿನ ಸುತ್ತ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ನನ್ನ ಮುಂದಿನ ಫಲಕದಲ್ಲಿ 'ಸಮನ್ವಯ' ಅಂತ ಬರೆದಿತ್ತಲ್ಲ, ಅದಕ್ಕೆ.

ದೇಶದ ಹೆಸರು ಹೇಳುವುದಿಲ್ಲ. ಯುದ್ಧ ಮುಗಿಸಿ ಎದ್ದು ನಿಲ್ಲುತ್ತಿರುವ ಯಾವ ದೇಶಕ್ಕೆ ಹೋದರೂ ಈ ಸಭೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಒಂದು ಕಡೆ ಪೊಲೀಸ್, ಕೋರ್ಟ್, ಪ್ರಾಸಿಕ್ಯೂಟರ್ ಕಚೇರಿ, ಜೈಲು, ಸಚಿವಾಲಯ. ಇನ್ನೊಂದು ಕಡೆ ದುಡ್ಡು ಕೊಡುವ ದೇಶಗಳ ಪ್ರತಿನಿಧಿಗಳು, ಅವರ ಸಲಹೆಗಾರರು. ನಡುವೆ ನಮ್ಮಂಥವರು. ಯಾರು ಏನು ಮಾಡುತ್ತಿದ್ದಾರೆ ಅಂತ ಒಂದು ದೊಡ್ಡ ಪಟ್ಟಿ ಇಟ್ಟುಕೊಂಡು, ಒಂದೇ ಕೆಲಸಕ್ಕೆ ಇಬ್ಬರು ದುಡ್ಡು ಸುರಿಯದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಯಾರೂ ದುಡ್ಡು ಹಾಕದ ಕೆಲಸ ಯಾವುದು ಅಂತ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅಂಥದ್ದಕ್ಕೆ ಕಾಲಂ ಇಲ್ಲ.

ಮಂಗಳವಾರ ತೋರಿಸಿದ್ದು ಚೆನ್ನಾಗಿಯೇ ಇತ್ತು. ಜೈಲಿನ ಹಳೇ ರಿಜಿಸ್ಟರ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿದ್ದಾರೆ. ಯಾರ ರಿಮ್ಯಾಂಡ್ ಅವಧಿ, ಅಂದರೆ ವಿಚಾರಣೆಗೆ ಮೊದಲು ಒಳಗಿಡಲು ಕೋರ್ಟು ಕೊಟ್ಟ ಅವಧಿ, ಮುಗಿದಿದೆಯೋ ಅವರ ಹೆಸರು ತಾನಾಗಿ ಕೆಂಪಾಗುತ್ತದೆ. ಸಲಹೆಗಾರರು ಪಟ್ಟಿಯನ್ನು ಕೆಳಗೆ ಸರಿಸಿದರು. ಕೆಂಪು, ಕೆಂಪು, ಮತ್ತೂ ಕೆಂಪು. ಕೋಣೆಯಲ್ಲಿ ಒಂದಿಬ್ಬರು ಮೆಚ್ಚಿ ತಲೆ ಆಡಿಸಿದರು. ಆಗ ಸೂಪರಿಂಟೆಂಡೆಂಟ್ ಬಾಯಿ ಬಿಟ್ಟರು.

ಆಯಮ್ಮ ದನಿ ಎತ್ತರಿಸಲಿಲ್ಲ. ವ್ಯಂಗ್ಯವೂ ಇರಲಿಲ್ಲ. ಗೊತ್ತಿಲ್ಲದೆ ಕೇಳಿದ ಹಾಗೆ ಕೇಳಿದರು. ಅದೇ ಎಲ್ಲರಿಗೂ ಕಷ್ಟವಾಗಿದ್ದು. ಜಗಳ ಆಡಿದ್ದರೆ ಸುಲಭವಿತ್ತು, ನಡಾವಳಿಯಲ್ಲಿ 'ಬಿಸಿ ಚರ್ಚೆ ನಡೆಯಿತು' ಅಂತ ಬರೆದು ಮುಗಿಸಬಹುದಿತ್ತು.

ಸಲಹೆಗಾರರ ಬಗ್ಗೆ ಒಂದು ಮಾತು. ಅವರು ಕೆಟ್ಟವರಲ್ಲ. ಹೋಟೆಲಿನ ಕೋಣೆಯಲ್ಲಿ ಕೂತು ವರದಿ ಬರೆಯುವ ಜಾತಿಯೂ ಅಲ್ಲ. ಜೈಲಿನ ದಾಖಲೆ ಕೋಣೆಯಲ್ಲಿ ಧೂಳು ಕುಡಿದುಕೊಂಡು ಗುಮಾಸ್ತರ ಪಕ್ಕ ಕೂತು ಕೆಲಸ ಮಾಡಿದವರು. 'ವ್ಯಾಪ್ತಿಗೆ ಬರಲ್ಲ' ಎಂದು ಅವರು ಹೇಳಿದ್ದು ನಿಜವೇ. ಒಪ್ಪಂದದಲ್ಲಿ ಹಾಗೇ ಇದೆ. ಆದರೆ ಅಷ್ಟು ಬೇಗ ಹೇಳಬಾರದಿತ್ತು. ಆ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು ಅನ್ನುವುದು ನನಗೆ ಹಿಡಿಸಲಿಲ್ಲ.

ವಿಷಯ ಏನೆಂದರೆ, ಇಲ್ಲಿ ಕೈದಿಯನ್ನು ಕೋರ್ಟಿಗೆ ಹಾಜರುಪಡಿಸುವುದು ಪೊಲೀಸರ ಕೆಲಸ. ಪೊಲೀಸರಿಗೆ ಹೊಸ ಗಾಡಿಗಳಿವೆ, ಒಂದು ದೇಶ ಕೊಟ್ಟಿದ್ದು, ಬಾಗಿಲ ಮೇಲೆ ಅದರ ಬಾವುಟದ ಸ್ಟಿಕ್ಕರ್ ಇದೆ. ಆದರೆ ಆ ಗಾಡಿಗಳು ಊರಲ್ಲಿ ಗಸ್ತು ತಿರುಗಲು ಮಾತ್ರ ಅಂತ ಷರತ್ತು. ಬೆಂಗಾವಲಿಗೆ ಇರುವುದು ಹಳೇ ವ್ಯಾನ್. ಅದಕ್ಕೆ ಡೀಸೆಲ್ ಬರಬೇಕಾದ್ದು ಇಲಾಖೆಯ ಬಜೆಟ್‌ನಿಂದ. ಅದು ಬಿಡುಗಡೆ ಆಗುವುದು ತಡ, ಬಂದರೂ ಅರ್ಧ. ಜೈಲಿಗೆ ಕಾವಲುಗಾರರಿದ್ದಾರೆ, ಗಾಡಿ ಇಲ್ಲ. ಕೋರ್ಟು ಇವರಿಬ್ಬರನ್ನೂ ಕೇಳದೆ ದಿನಾಂಕ ಹಾಕುತ್ತದೆ. ಆ ದಿನ ವಕೀಲರು ಬರುತ್ತಾರೆ, ಅವರ ಫೀಸಿಗೆ ಇನ್ನೊಂದು ಯೋಜನೆ ಇದೆ. ನ್ಯಾಯಾಧೀಶರು ಬರುತ್ತಾರೆ, ಅವರಿಗೆ ತರಬೇತಿ ಕೊಟ್ಟಿದ್ದು ಮತ್ತೊಂದು ಯೋಜನೆ. ಆರೋಪಿ ಮಾತ್ರ ಬರುವುದಿಲ್ಲ. ವಾಯಿದೆ. ಮುಂದಿನ ದಿನಾಂಕವೂ ಹೀಗೇ.

ತಮಾಷೆ ಗೊತ್ತಾ? ವರದಿಗಳಲ್ಲಿ ಎಲ್ಲ ಯೋಜನೆಯೂ ಪಾಸು. ತರಬೇತಿ ಪಡೆದ ನ್ಯಾಯಾಧೀಶರ ಸಂಖ್ಯೆ, ಕೊಟ್ಟ ಗಾಡಿಗಳ ಸಂಖ್ಯೆ, ಕಂಪ್ಯೂಟರ್‌ಗೆ ಹಾಕಿದ ರಿಜಿಸ್ಟರ್, ವಕೀಲರು ಹಾಜರಾದ ದಿನಗಳು ಎಲ್ಲ ಗುರಿ ಮುಟ್ಟಿವೆ. ವಕೀಲರು ಬಂದು ವಾಯಿದೆ ತಗೊಂಡು ಹೋದರೂ ಅದು ಒಂದು ಹಾಜರಿಯೇ. ಹೂವನ್ನು ಎಲ್ಲರೂ ತಂದಿದ್ದಾರೆ, ದಾರ ತಂದವರಿಲ್ಲ.

ಹಾಗಾದರೆ ಯಾರೂ ಕೋರ್ಟಿಗೆ ಹೋಗುವುದೇ ಇಲ್ಲವಾ? ಹೋಗುತ್ತಾರೆ. ಮನೆಯವರು ಡೀಸೆಲ್‌ಗೆ ದುಡ್ಡು ಕೊಟ್ಟರೆ ವ್ಯಾನ್ ಹೊರಡುತ್ತದೆ. ಇದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತು. ಯಾರೂ ಹೇಳಲಿಲ್ಲ. ಸೂಪರಿಂಟೆಂಡೆಂಟ್ ಕೂಡ ಹೇಳಲಿಲ್ಲ. ಆದರೆ ಅವರ ಪ್ರಶ್ನೆಯ ಒಳಗೆ ಅದೂ ಇತ್ತು ಅಂತ ನನಗೆ ಅನ್ನಿಸುತ್ತದೆ. ಪರದೆಯ ಮೇಲೆ ಕೆಂಪಾಗಿ ಉಳಿದವರು ಯಾರು ಹಾಗಾದರೆ? ಕೋಳಿ ಕದ್ದವನು, ಜಗಳದಲ್ಲಿ ಸಿಕ್ಕಿಬಿದ್ದವನು, ಮನೆಯವರು ಎಲ್ಲಿದ್ದಾರೆ ಅಂತಲೇ ಗೊತ್ತಿಲ್ಲದವನು.

ಪೊಲೀಸ್ ಕಡೆಯಿಂದ ಬಂದಿದ್ದ ಅಧಿಕಾರಿ ಜಾಣರು. "ಡೀಸೆಲ್ ಕೊಡಿ, ನಾಳೆಯೇ ಕರ್ಕೊಂಡು ಹೋಗ್ತೀವಿ" ಅಂದರು. ಡೀಸೆಲ್‌ಗೆ, ಸಂಬಳಕ್ಕೆ, ರಿಪೇರಿಗೆ ದಾನಿಗಳು ದುಡ್ಡು ಕೊಡುವುದು ಅಪರೂಪ ಅಂತ ಅವರಿಗೂ ಗೊತ್ತು. ಗಾಡಿ ಕೊಡುತ್ತಾರೆ, ಓಡಿಸುವ ಖರ್ಚು ಆ ದೇಶದ್ದೇ ಆಗಬೇಕು ಅನ್ನುತ್ತಾರೆ. ತತ್ವವಾಗಿ ಸರಿ. ಇವತ್ತು ನಾವು ಡೀಸೆಲ್ ಹಾಕಿದರೆ ನಾವು ಹೋದ ದಿನ ವ್ಯಾನ್ ನಿಲ್ಲುತ್ತದೆ. ಆದರೆ ವ್ಯಾನ್ ಈಗಲೂ ನಿಂತೇ ಇದೆಯಲ್ಲ! ಇನ್ನೊಂದು ಮಾತು ಆ ಅಧಿಕಾರಿ ಹೇಳಲಿಲ್ಲ. ಬೆಂಗಾವಲಿನ ಕೆಲಸ ಪೊಲೀಸರಿಗೆ ಬೇಡ. ಕೈದಿ ದಾರಿಯಲ್ಲಿ ತಪ್ಪಿಸಿಕೊಂಡರೆ ಜೊತೆಗಿದ್ದ ಪೇದೆ ಸಸ್ಪೆಂಡ್. ಕರೆದುಕೊಂಡು ಹೋಗದೇ ಇದ್ದರೆ ಯಾರಿಗೂ ಏನೂ ಆಗಲ್ಲ. ಡೀಸೆಲ್ ತುಂಬಿಸಿದರೂ ಈ ಲೆಕ್ಕ ಹಾಗೇ ಉಳಿಯುತ್ತದೆ.

ಸಭೆ ಮುಗಿದ ಮೇಲೆ ಸಚಿವಾಲಯದ ನಿರ್ದೇಶಕರು ಕಾರಿಡಾರಿನಲ್ಲಿ ಸಿಕ್ಕರು. ಒಳಗೆ ಒಂದು ಮಾತೂ ಆಡದವರು, ಹೊರಗೆ ಎಲ್ಲ ಹೇಳುವವರು. ಇಂಥವರು ಪ್ರತಿ ಸಚಿವಾಲಯದಲ್ಲೂ ಒಬ್ಬರಿರುತ್ತಾರೆ. "ಆಕೆ ಕೇಳಿದ್ದು ತಪ್ಪಲ್ಲ. ಅವರ ಮುಂದೆ ಕೇಳಬಾರದಿತ್ತು" ಅಂದರು. ಅವರು ಅಂದರೆ ದುಡ್ಡು ಕೊಡುವವರು. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವರ ಭಯವೂ ಸುಳ್ಳಲ್ಲ. ಯೋಜನೆ ಚೆನ್ನಾಗಿ ನಡೀತಿಲ್ಲ ಅಂತ ಎಲ್ಲಾದರೂ ಬರೆದರೆ ಮುಂದಿನ ಕಂತು ನಿಲ್ಲಬಹುದು. ಹಾಗಾಗಿ ಎಲ್ಲ ಸರಿಯಿದೆ ಅನ್ನಲು ಅವರಿಗೂ ಕಾರಣವಿದೆ, ದಾನಿಗೂ ಕಾರಣವಿದೆ. ಸರಿಯಿಲ್ಲ ಅನ್ನಲು ಕಾರಣ ಇರುವುದು ಒಳಗೆ ಕೂತ ಕೈದಿಗೆ ಮಾತ್ರ. ಅವನನ್ನು ಯಾರು ಸಭೆಗೆ ಕರೀತಾರೆ?

ಇದು ಹೊಸ ಕಾಯಿಲೆ ಅಲ್ಲ. 2002ರಲ್ಲಿ ಅಫ್ಘಾನಿಸ್ತಾನದಲ್ಲಿ ದೊಡ್ಡ ದೇಶಗಳು ಕೆಲಸ ಹಂಚಿಕೊಂಡವು. ಸೇನೆ ಅಮೆರಿಕಕ್ಕೆ, ಪೊಲೀಸ್ ಜರ್ಮನಿಗೆ, ನ್ಯಾಯಾಂಗ ಇಟಲಿಗೆ, ಮಾದಕ ವಸ್ತು ತಡೆ ಬ್ರಿಟನ್‌ಗೆ, ಸಶಸ್ತ್ರ ಗುಂಪುಗಳ ಕೈಯಿಂದ ಆಯುಧ ಬಿಡಿಸುವುದು ಜಪಾನ್‌ಗೆ. ಕಾಗದದ ಮೇಲೆ ಎಷ್ಟು ಚಂದ! ಆದರೆ ಒಬ್ಬೊಬ್ಬರ ದುಡ್ಡು ಒಂದೊಂದು ಅಳತೆ, ಒಬ್ಬೊಬ್ಬರ ವೇಗ ಒಂದೊಂದು. ಸೇನೆಗೆ ಸಿಕ್ಕಷ್ಟು ಕೋರ್ಟುಗಳಿಗೆ ಸಿಗಲಿಲ್ಲ. ಪೊಲೀಸ್‌ನಿಂದ ಪ್ರಾಸಿಕ್ಯೂಟರ್‌ಗೆ, ಅಲ್ಲಿಂದ ಕೋರ್ಟಿಗೆ ಒಂದು ಕೇಸು ಸಾಗುವ ದಾರಿ ಯಾರ ಪಾಲಿಗೂ ಬಂದಿರಲಿಲ್ಲ.

ಆಗ್ನೇಯ ಏಷ್ಯಾದ ಪುಟ್ಟ ದೇಶ ತಿಮೋರ್ ಲೆಸ್ತೆಯಲ್ಲಿ ಇದು ಇನ್ನೂ ಕೆಟ್ಟದಾಗಿ ಹೊರಬಿತ್ತು. ಪೊಲೀಸ್ ಪಡೆಯನ್ನೂ ಸೇನೆಯನ್ನೂ ಹೊರಗಿನವರ ನೆರವಿನಿಂದ ಹೊಸದಾಗಿ ಕಟ್ಟಿದ್ದರು, ಒಂದೊಂದನ್ನೂ ಬೇರೆ ಬೇರೆಯಾಗಿ. ಯಾರ ಕೆಲಸ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಗುತ್ತದೆ ಅನ್ನುವುದು ಸ್ಪಷ್ಟವಿರಲಿಲ್ಲ. 2006ರಲ್ಲಿ ಸುಮಾರು 600 ಸೈನಿಕರನ್ನು ಕೆಲಸದಿಂದ ತೆಗೆದ ಮೇಲೆ ಗಲಭೆ ಹತ್ತಿಕೊಂಡಿತು. ಮೇ ತಿಂಗಳಲ್ಲಿ ಅಲ್ಲಿನ ರಾಜಧಾನಿ ದಿಲಿಯಲ್ಲಿ, ವಿಶ್ವಸಂಸ್ಥೆಯವರ ಬೆಂಗಾವಲಿನಲ್ಲಿ ಹೊರಟಿದ್ದ ನಿಶ್ಶಸ್ತ್ರ ಪೊಲೀಸರ ಮೇಲೆ ಸೈನಿಕರೇ ಗುಂಡು ಹಾರಿಸಿದರು. ಸುಮಾರು ಒಂದೂವರೆ ಲಕ್ಷ ಜನ ಮನೆ ಬಿಟ್ಟು ಓಡಿದರು. ಎರಡೂ ಪಡೆಗಳಿಗೆ ತರಬೇತಿ ಸಿಕ್ಕಿತ್ತು.

ಎಲ್ಲ ಕಡೆಯೂ ಹೀಗೇ ಅಂತಲ್ಲ. ಕಾಂಗೋದಲ್ಲಿ ಐರೋಪ್ಯ ಒಕ್ಕೂಟ 2005ರಲ್ಲಿ ಒಂದು ಪುಟ್ಟ ತಂಡ ಕಳಿಸಿತ್ತು. ಅವರು ಹಿಡಿದುಕೊಂಡಿದ್ದು ಸಂಬಳದ ಕೆಲಸ. ಅಲ್ಲಿ ಸೈನಿಕರ ಸಂಬಳ ಕಮಾಂಡರ್‌ಗಳ ಕೈ ದಾಟಿ ಬರುತ್ತಿತ್ತು. ದಾಟುವಾಗ ಕರಗುತ್ತಿತ್ತು. ಸಂಬಳ ಕಾಣದ ಸೈನಿಕ ಹಳ್ಳಿಗೆ ನುಗ್ಗಿ ಕಿತ್ತುಕೊಳ್ಳುತ್ತಿದ್ದ. ಆ ತಂಡ ಸೈನಿಕರನ್ನು ತಲೆ ಎಣಿಸಿತು, ಬೆರಳಚ್ಚು ತೆಗೆದು ಗುರುತಿನ ಚೀಟಿ ಕೊಟ್ಟಿತು, ಆಜ್ಞೆ ಬರುವ ದಾರಿ ಬೇರೆ, ದುಡ್ಡು ಬರುವ ದಾರಿ ಬೇರೆ ಮಾಡಲು ನೋಡಿತು. ಕಾಂಗೋದ ಸೇನೆ ಅದರಿಂದ ರಿಪೇರಿ ಆಯಿತು ಅಂತ ಯಾರೂ ಹೇಳಲ್ಲ. ಆದರೆ ಖಜಾನೆ ಮತ್ತು ಸೈನಿಕನ ಜೇಬಿನ ನಡುವಿನ ಜಾಗವನ್ನು ಒಬ್ಬರಾದರೂ ತಮ್ಮ ಕೆಲಸ ಅಂದುಕೊಂಡರು. ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ನಮ್ಮ ವೃತ್ತಿಯ ಪುಸ್ತಕಗಳು ಇದನ್ನೆಲ್ಲ ಬಹಳ ಹಿಂದೆಯೇ ಹೇಳಿವೆ. ಶ್ರೀಮಂತ ದೇಶಗಳ ಕೂಟ ಒಇಸಿಡಿ 2007ರಲ್ಲಿ ಒಂದು ಕೈಪಿಡಿ ತಂದಿತು. ಪೊಲೀಸ್, ಕೋರ್ಟ್, ಜೈಲುಗಳನ್ನು ಒಟ್ಟಾಗಿ ನೋಡಿ, ಆ ದೇಶದವರೇ ಮುಂದೆ ನಿಲ್ಲಲಿ ಅಂತ ಅದರಲ್ಲಿದೆ. 2014ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೂ 2151ನೇ ನಿರ್ಣಯದಲ್ಲಿ ಇದನ್ನೇ ಹೇಳಿತು. ನಮ್ಮ ಪ್ರತಿ ಯೋಜನೆಯ ಮೊದಲ ಪುಟದಲ್ಲೂ 'ಸ್ಥಳೀಯ ಒಡೆತನ' ಅಂತ ಇರುತ್ತದೆ. ಆದರೆ ಮಂಗಳವಾರ ಆ ಜೈಲಿನ ಸೂಪರಿಂಟೆಂಡೆಂಟ್ ನಿಜವಾಗಿ ಒಡತಿಯ ಹಾಗೆ ಒಂದು ಪ್ರಶ್ನೆ ಕೇಳಿದಾಗ ಇಡೀ ಕೋಣೆ ಮುಜುಗರಪಟ್ಟಿತು.

ನಡಾವಳಿ ನಾನೇ ಬರೆದೆ. ಪ್ರಶ್ನೆಯನ್ನು ಹಾಗೆ ಹಾಗೇ ಹಾಕಿದೆ, ಉತ್ತರವನ್ನೂ. ಕರಡು ಕಳಿಸಿದ ಅರ್ಧ ಗಂಟೆಗೆ ಒಂದು ದಾನಿ ಕಚೇರಿಯಿಂದ ತಿದ್ದುಪಡಿ ಬಂತು. 'ಸಾರಿಗೆಗೆ ಸಂಬಂಧಿಸಿದ ಕೆಲವು ಸವಾಲುಗಳನ್ನು ಗಮನಿಸಲಾಯಿತು' ಅಂತ ಬದಲಿಸಬಹುದಾ ಅಂತ. ಬರೆದವರು ಚಿಕ್ಕ ವಯಸ್ಸಿನ ಹುಡುಗಿ, ಬುದ್ಧಿವಂತೆ, ಮೇಲಿನವರು ಹೇಳಿಸಿದ್ದು ಅಂತ ಗೊತ್ತಾಗುತ್ತಿತ್ತು. ಗಮನಿಸಲಾಯಿತು! ಯಾರು ಗಮನಿಸಿದರು? ಬದಲಿಸಲ್ಲ, ಬೇಕಾದರೆ ನಿಮ್ಮ ಟಿಪ್ಪಣಿಯನ್ನು ಕೆಳಗೆ ಸೇರಿಸುತ್ತೇನೆ ಅಂತ ಉತ್ತರ ಕೊಟ್ಟೆ. ಟಿಪ್ಪಣಿ ಬರಲಿಲ್ಲ.

ಇದಕ್ಕೆ ಮದ್ದು ಇಲ್ಲವೇ ಇಲ್ಲ ಅಂತಲೂ ಅಲ್ಲ. ಆಫ್ರಿಕಾದ ಮಲಾವಿಯಲ್ಲಿ 2000ದಿಂದ ಪ್ಯಾರಾಲೀಗಲ್‌ಗಳು, ಅಂದರೆ ಕಾನೂನಿನ ತರಬೇತಿ ಪಡೆದ ಸಹಾಯಕರು, ಜೈಲಿನೊಳಗೆ ಕೂತು ಕೆಲಸ ಮಾಡುತ್ತಿದ್ದಾರೆ. ಅವರು ವಕೀಲರಲ್ಲ. ಯಾರ ರಿಮ್ಯಾಂಡ್ ಮುಗಿದಿದೆ, ಯಾರಿಗೆ ಜಾಮೀನು ಸಿಗಬಹುದು ಅಂತ ಪಟ್ಟಿ ಮಾಡುತ್ತಾರೆ. ಆ ಪಟ್ಟಿ ಹಿಡಿದು ಮ್ಯಾಜಿಸ್ಟ್ರೇಟರೇ ಜೈಲಿಗೆ ಬಂದು ಕೋರ್ಟು ನಡೆಸುತ್ತಾರೆ. ಕೈದಿಗಳನ್ನು ಸಾಗಿಸುವ ವ್ಯಾನೇ ಬೇಡ. ಬಂಧಿಸಿದವನನ್ನು ಬೇಗ ನ್ಯಾಯಾಧೀಶರ ಮುಂದೆ ತರಬೇಕು ಅಂತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ 1966ರ ಅಂತರರಾಷ್ಟ್ರೀಯ ಒಡಂಬಡಿಕೆ ಹೇಳುತ್ತದೆ. ನ್ಯಾಯಾಧೀಶರೇ ಅವನ ಮುಂದೆ ಬಂದರೆ ಬೇಡ ಅಂತ ಎಲ್ಲೂ ಹೇಳಿಲ್ಲ. ಆದರೆ ಜೈಲಿನ ಗೋಡೆಯೊಳಗೆ ನಡೆಯುವ ಕೋರ್ಟು ಜನರಿಗೆ ತೆರೆದಿರುತ್ತದಾ, ಆರೋಪಿ ಧೈರ್ಯವಾಗಿ ಮಾತಾಡುತ್ತಾನಾ ಅನ್ನುವ ಪ್ರಶ್ನೆಗಳಿವೆ, ಅವು ಸಣ್ಣವಲ್ಲ. ರಿಮ್ಯಾಂಡ್, ಜಾಮೀನಿಗೆ ಸರಿ, ಪೂರ್ತಿ ವಿಚಾರಣೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಈ ಮಾತನ್ನು ಗುರುವಾರ ಜಿಲ್ಲಾ ನ್ಯಾಯಾಧೀಶರ ಹತ್ತಿರ ಎತ್ತಿದೆ. ಮಂಗಳವಾರದ ಸಭೆಗೆ ಅವರು ಬಂದಿರಲಿಲ್ಲ, ಇಂಥ ಸಭೆಗಳಿಗೆ ಅವರು ಬರುವುದೇ ಕಮ್ಮಿ. ಹಾಗಂತ ಅವರನ್ನು ದೂರುವುದಿಲ್ಲ. ಪೊಲೀಸರ ಜೊತೆ ಒಂದೇ ಮೇಜಿಗೆ ಕೂತು 'ಸಮನ್ವಯ' ಮಾಡಿಕೊಳ್ಳುವ ನ್ಯಾಯಾಧೀಶರ ಬಗ್ಗೆ ಜನ ಏನಂದುಕೊಳ್ಳುತ್ತಾರೆ ಅನ್ನುವ ಅವರ ಅಳುಕು ನ್ಯಾಯವಾದದ್ದೇ. "ಜೈಲಿಗೆ ಹೋಗಿ ಕೂರೋಕೆ ನನಗೆ ಅಡ್ಡಿ ಇಲ್ಲ. ಮೇಲಿನ ಕೋರ್ಟಿನ ಒಪ್ಪಿಗೆ ಬೇಕು. ಒಂದು ಪಟ್ಟಿ ಬೇಕು. ಆ ಕೆಂಪು ಪಟ್ಟಿ ಬೇಡ, ಅದರಲ್ಲಿ ಎಲ್ಲರೂ ಇದ್ದಾರೆ" ಅಂದರು.

ಸೂಪರಿಂಟೆಂಡೆಂಟ್ ಮಾರನೇ ದಿನ ಪಟ್ಟಿ ಕಳಿಸಿದರು. ಕೈಬರಹದ್ದು, ಫೋಟೋ ತೆಗೆದು ಕಳಿಸಿದ್ದು. ಯಾರು ಎಷ್ಟು ದಿನದಿಂದ ಇದ್ದಾರೆ ಅನ್ನುವ ಪ್ರಕಾರ ಇರಲಿಲ್ಲ. ಆರೋಪ ಸಾಬೀತಾದರೂ ಎಷ್ಟು ಶಿಕ್ಷೆ ಆಗಬಹುದೋ ಅಷ್ಟನ್ನು ಆಗಲೇ ಒಳಗೆ ಕಳೆದುಬಿಟ್ಟವರು ಮೊದಲು. ಆಮೇಲೆ ಕಾಯಿಲೆಯವರು, ಆಮೇಲೆ ಚಿಕ್ಕ ವಯಸ್ಸಿನವರು. ಸಾಫ್ಟ್‌ವೇರ್‌ನಲ್ಲಿ ಮೊದಲನೆಯದಕ್ಕೆ ಕಾಲಮ್ಮೇ ಇರಲಿಲ್ಲ. ಸಲಹೆಗಾರರಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, ಅಪರಾಧದ ಕಲಂ ಇದ್ದರೆ ಗರಿಷ್ಠ ಶಿಕ್ಷೆಯನ್ನು ಕಂಪ್ಯೂಟರೇ ಲೆಕ್ಕ ಹಾಕುತ್ತೆ, ಸೇರಿಸೋಣ ಅಂದರು. ಸೇರಿಸುತ್ತಿದ್ದಾರೆ. ಮೇಲಿನ ಕೋರ್ಟಿಗೆ ಪತ್ರ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.